ಹಿಮ ನೋಡೋಕೆ ಸ್ವಿಟ್ಜರ್‌ಲೆಂಡ್‌ಗೆ ಹೊರಟಿದ್ದೀರಾ? ಮೊದಲು ಊರಿನ ಎತ್ತರ ಕೇಳಿ
ಕ್ರಿಸ್‌ಮಸ್ ರಜೆಗೆ ಸ್ವಿಟ್ಜರ್‌ಲೆಂಡ್ ಪ್ಯಾಕೇಜ್ ಅಂದ ಕೂಡಲೇ ನಾವು ಏಜೆಂಟರನ್ನು ಕೇಳುವುದು ‘ಒಬ್ಬರಿಗೆ ಎಷ್ಟಾಗುತ್ತೆ?’ ಅಂತ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ‘ನಾವು ಉಳಿಯುವ ಊರು ಎಷ್ಟು ಎತ್ತರದಲ್ಲಿದೆ?’

ಕಾರಣ ಇಷ್ಟೇ. ಆ ದೇಶದಲ್ಲಿ ಎಲ್ಲಿ ಇಳಿದರೂ ಹಿಮ ಸಿಗುತ್ತೆ ಅನ್ನೋ ಕಾಲ ಮುಗಿಯುತ್ತಿದೆ. 800 ಮೀಟರ್‌ಗಿಂತ ತಗ್ಗಿನ ಪ್ರದೇಶಗಳಲ್ಲಿ ಹಿಮ ಬೀಳುವ ದಿನಗಳು 1970ರಿಂದ ಈಚೆಗೆ ಸುಮಾರು ಅರ್ಧಕ್ಕೆ ಇಳಿದಿವೆ. 2023ರ ಜನವರಿ 1ರಂದು ಡೆಲೆಮಾಂಟ್ ಪಟ್ಟಣದಲ್ಲಿ ತಾಪಮಾನ 20 ಡಿಗ್ರಿ ದಾಟಿತ್ತು. ಅದೇ ಚಳಿಗಾಲದಲ್ಲಿ ಗ್‌ಸ್ಟಾಡ್ ಭಾಗದ ಒಂದು ಸ್ಕೀ ಹಾದಿಗೆ ಹೆಲಿಕಾಪ್ಟರ್‌ನಲ್ಲಿ ಹಿಮ ತಂದು ಸುರಿದರು. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಸ್ ಹಿಮನದಿಗಳ ಶೇ 10ರಷ್ಟು ಮಂಜುಗಡ್ಡೆ ಕರಗಿತು.

ನಮ್ಮವರ ಪ್ಯಾಕೇಜ್‌ಗಳಲ್ಲಿ ಸಾಮಾನ್ಯವಾಗಿ ಇರುವ ಊರುಗಳನ್ನೇ ನೋಡಿ. ಲುಸೆರ್ನ್ ಇರುವುದು ಸುಮಾರು 435 ಮೀಟರ್ ಎತ್ತರದಲ್ಲಿ, ಇಂಟರ್‌ಲಾಕೆನ್ ಸುಮಾರು 570 ಮೀಟರ್‌ನಲ್ಲಿ. ಡಿಸೆಂಬರ್‌ನಲ್ಲಿ ಇಲ್ಲಿ ಹಿಮದ ಬದಲು ಮಳೆ, ಮಂಜು ಎದುರಾದರೆ ಆಶ್ಚರ್ಯವಿಲ್ಲ. ಲಕ್ಷಗಟ್ಟಲೆ ಕೊಟ್ಟು ಹೋಗಿ ಕೊಡೆ ಹಿಡಿದು ಓಡಾಡುವ ಹಾಗಾಗಬಾರದು. ಹಿಮವೇ ಮುಖ್ಯ ಅಂದರೆ ಮ್ಯೂರೆನ್, ಜೆರ್ಮಾಟ್, ಅರೋಸಾದಂತಹ 1,600 ಮೀಟರ್‌ಗೂ ಮೇಲಿನ ಊರುಗಳಲ್ಲಿ ಎರಡು ರಾತ್ರಿಯಾದರೂ ಉಳಿಯುವುದು ಲೇಸು. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ನಲ್ಲಿ ವರ್ಷವಿಡೀ ಹಿಮ ಇರುತ್ತೆ ನಿಜ. ಆದರೆ ಮೋಡ ಮುಚ್ಚಿದರೆ ಏನೂ ಕಾಣದು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೂ ಅಲ್ಲಿಗೆ ಸಿಗುವುದು ರಿಯಾಯಿತಿ ಮಾತ್ರ, ಪೂರ್ತಿ ಉಚಿತ ಅಲ್ಲ. ಹಾಗಾಗಿ ಆ ಟಿಕೆಟ್ ತೆಗೆಯುವ ಮೊದಲು ಹವಾಮಾನ ನೋಡಿಕೊಳ್ಳಿ.

ಇನ್ನು ತಿಂಗಳ ಲೆಕ್ಕ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ರೂಮಿನ ಬಾಡಿಗೆ ಏರಿರುತ್ತೆ, ಹಗಲೂ ಚಿಕ್ಕದು, ಸಂಜೆ ಐದರೊಳಗೆ ಕತ್ತಲು. ಜನವರಿ ಎರಡನೇ ವಾರದ ನಂತರ ಹಿಮ ಸಿಗುವ ಸಾಧ್ಯತೆ ಹೆಚ್ಚು, ಜನ ಕಡಿಮೆ. ಆದರೆ ವಿಶ್ವ ಆರ್ಥಿಕ ವೇದಿಕೆಯ ಸಭೆ ನಡೆಯುವ ವಾರ ದಾವೋಸ್ ಕಡೆ ತಲೆ ಹಾಕಬೇಡಿ. ಫೆಬ್ರವರಿಯಲ್ಲಿ ಅಲ್ಲಿನ ಶಾಲೆಗಳಿಗೆ ರಜೆ, ಮತ್ತೆ ಜನಜಂಗುಳಿ. ತೊಡಕು ಏನೆಂದರೆ, ಜನವರಿಯಲ್ಲಿ ನಮ್ಮ ಮಕ್ಕಳಿಗೆ ಶಾಲೆ ಇರುತ್ತೆ. ಡಿಸೆಂಬರ್ ಬಿಟ್ಟು ಬೇರೆ ದಾರಿ ಇಲ್ಲದವರು ಎತ್ತರದ ಊರನ್ನಷ್ಟೇ ನಂಬಬೇಕು.

ವೀಸಾಗೆ ತಡ ಮಾಡಬೇಡಿ. ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಷೆಂಗೆನ್ ಅರ್ಜಿ ಹಾಕಲು ಅವಕಾಶವಿದೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಹಿಡಿಯುತ್ತೆ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೊ, ವೀಸಾ ತಿರಸ್ಕಾರವಾದರೂ ಅದು ವಾಪಸ್ ಬರಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ.

2025ರಲ್ಲಿ ಒಂದು ಸ್ವಿಸ್ ಫ್ರಾಂಕ್ ನೂರು ರೂಪಾಯಿ ದಾಟಿತು. ಇಷ್ಟು ದುಬಾರಿ ದೇಶದಲ್ಲಿ ತಪ್ಪು ಊರು ಆರಿಸಿದರೆ ಅಲ್ಲಿ ಹೋದ ಮೇಲೆ ಸರಿಪಡಿಸುವುದು ಕಷ್ಟ. ಅಡ್ವಾನ್ಸ್ ಕೊಡುವ ಮೊದಲು ಏಜೆಂಟರಿಂದ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಯಾವ ರಾತ್ರಿ ಯಾವ ಊರಿನಲ್ಲಿ ವಾಸ್ತವ್ಯ, ಮತ್ತು ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸ್.