ಉಗ್ರಾಣವಲ್ಲ, ಜಗಲಿ ಬೇಕು

1963ರಲ್ಲಿ ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ತಿರುವನಂತಪುರದ ಪಕ್ಕದ ತುಂಬದಿಂದ. ಅಲ್ಲಿನ ಬಾಹ್ಯಾಕಾಶ ಕೇಂದ್ರದ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರು ಕಲೆತಾಗ ಏಳುವ ಪ್ರಶ್ನೆ ಒಂದೇ: ಒಳ್ಳೆಯ ಕನ್ನಡ ಚಿತ್ರವನ್ನು ಎಲ್ಲಿ ನೋಡುವುದು? ಮಲಯಾಳಿ ನೆರೆಯವರಿಗೆ ಇಂಥ ಪ್ರಶ್ನೆಗೆ ಒಂದು ಉತ್ತರವಾದರೂ ಇದೆ.

2024ರ ಮಾರ್ಚ್ 7ರಂದು ಕೇರಳ ಸರ್ಕಾರ ಇದೇ ನಗರದಲ್ಲಿ ‘ಸಿ ಸ್ಪೇಸ್’ ಎಂಬ ಒಟಿಟಿ ವೇದಿಕೆಯನ್ನು ಆರಂಭಿಸಿತು. ನಿರ್ವಹಣೆ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮದ್ದು. ಮೊದಲ ಕಂತಿನಲ್ಲಿ 42 ಚಿತ್ರಗಳು. ತಿಂಗಳ ಚಂದಾ ಇಲ್ಲ. ನೋಡಿದ ಚಿತ್ರಕ್ಕಷ್ಟೇ ಹಣ. ಕಥಾಚಿತ್ರಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕರಿಗೆ. ಚಿತ್ರಗಳನ್ನು ಆರಿಸಲು ಸಾಹಿತಿಗಳೂ ನಿರ್ದೇಶಕರೂ ಇರುವ 60 ಜನರ ಸಮಿತಿ.

ಕರ್ನಾಟಕ ಸರ್ಕಾರವೂ 2025–26ರ ಆಯವ್ಯಯದಲ್ಲಿ ಕನ್ನಡ ಚಿತ್ರಗಳಿಗೆ ಒಟಿಟಿ ವೇದಿಕೆಯನ್ನು ಘೋಷಿಸಿದೆ. ಖಾಸಗಿ ವೇದಿಕೆಗಳಿರುವಾಗ ಸರ್ಕಾರಕ್ಕೇಕೆ ಈ ಅಂಗಡಿ ಎಂದು ಕೇಳುವವರಿದ್ದಾರೆ. ಸಹಾಯಧನ ಕೊಟ್ಟು, ಪ್ರಶಸ್ತಿ ಹಂಚಿ, ಆಮೇಲೆ ಆ ಚಿತ್ರ ಪ್ರೇಕ್ಷಕನನ್ನು ತಲುಪಿತೇ ಎಂದು ವಿಚಾರಿಸದಿರುವುದು ಯಾವ ನ್ಯಾಯ? 1977ರ ಸಾಲಿನ ಸ್ವರ್ಣಕಮಲ ಪಡೆದ ‘ಘಟಶ್ರಾದ್ಧ’ದ ಸಂರಕ್ಷಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಕನ್ನಡಿಗನು ಮಾತ್ರ ಯಾರೋ ಅಂತರ್ಜಾಲಕ್ಕೆ ಏರಿಸಿದ ಮಸುಕು ಪ್ರತಿಗಳಲ್ಲೇ ತೃಪ್ತಿ ಪಡಬೇಕೇ?

ಆದರೆ ವೇದಿಕೆ ಹುಟ್ಟಿದರೆ ಸಾಲದು, ಅದು ಕೆಡದಂತೆಯೂ ನೋಡಿಕೊಳ್ಳಬೇಕು. 1994ರಲ್ಲಿ ಅಮೆರಿಕದಲ್ಲಿ ‘ಇಂಡಿಪೆಂಡೆಂಟ್ ಫಿಲ್ಮ್ ಚಾನೆಲ್’ ಎಂಬ ಕೇಬಲ್ ವಾಹಿನಿ ಸ್ವತಂತ್ರ ಚಿತ್ರಗಳಿಗೆಂದೇ, ಜಾಹೀರಾತಿಲ್ಲದೆ ಆರಂಭವಾಯಿತು. 2010ರ ಕೊನೆಯಲ್ಲಿ ಜಾಹೀರಾತು ಒಳಹೊಕ್ಕಿತು. ಬೆನ್ನಿಗೇ ಹಾಸ್ಯ ಸರಣಿಗಳು ಮುನ್ನೆಲೆಗೆ ಬಂದವು. ಇಂದು ಅದು ಬರೀ ‘ಐಎಫ್‌ಸಿ’. ಹಣ ಕೊಡುವವನು ಜಾಹೀರಾತುದಾರನಾದರೆ ಚಿತ್ರ ಆರಿಸುವವನೂ ಅವನೇ ಆಗುತ್ತಾನೆ. ಸರ್ಕಾರಿ ವೇದಿಕೆಗೆ ಅಪಾಯ ಬರುವುದು ಇನ್ನೊಂದು ಬಾಗಿಲಿನಿಂದ: ಶಿಫಾರಸು. ಸಹಾಯಧನ ಪಡೆದುದನ್ನೆಲ್ಲ ತಂದು ಸುರಿದರೆ ಅದು ಉಗ್ರಾಣವಾಗುತ್ತದೆ. ಅಲ್ಲಿಗೆ ಯಾರೂ ಕಾಲಿಡುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಆಯ್ಕೆ ಸ್ವತಂತ್ರ ಸಮಿತಿಯದಾಗಿರಲಿ. ಸಮಿತಿಯವರ ಹೆಸರುಗಳೂ ಆಯ್ಕೆಯ ಕಾರಣಗಳೂ ಬಹಿರಂಗವಾಗಿರಲಿ. ನೋಡಿದಷ್ಟಕ್ಕೆ ಹಣ, ಆ ಹಣದ ಲೆಕ್ಕ ನಿರ್ಮಾಪಕರ ಕೈಯಲ್ಲಿ. ಕಾಸರಗೋಡಿನಿಂದ ಕ್ಯಾಲಿಫೋರ್ನಿಯಾದವರೆಗೆ ಎಲ್ಲಿಂದಲೂ ನೋಡಲು ಸಿಗಲಿ. ತುಳು, ಕೊಡವ, ಬ್ಯಾರಿ ಚಿತ್ರಗಳಿಗೂ ಅಲ್ಲಿ ಎಡೆಯಿರಲಿ. ಉಪಶೀರ್ಷಿಕೆಗಳಿರಲಿ, ನಮ್ಮ ಮಕ್ಕಳೂ ನೆರೆಯವರೂ ಜೊತೆಗೆ ಕೂತು ನೋಡುವಂತಾಗಲಿ.

ಕೊನೆಯ ಮಾತು ಹೊರನಾಡಿನ ನಮಗೆ. ರಾಜ್ಯೋತ್ಸವದ ಊಟಕ್ಕೆ ನೂರಾರು ರೂಪಾಯಿ ವಂತಿಗೆ ಕೊಡುವ ನಾವು ಕನ್ನಡ ಚಿತ್ರ ಮಾತ್ರ ಪುಕ್ಕಟೆ ಸಿಗಲೆಂದು ಕಾಯುತ್ತೇವೆ. ಎಪ್ಪತ್ತೈದು ರೂಪಾಯಿಗೆ ಹಿಂದೆಗೆಯುವವರು ಕನ್ನಡ ಚಿತ್ರಗಳ ಗತಿಗಾಗಿ ಮರುಗುವುದು ಬರೀ ಬಾಯಿಮಾತು.