ಪಾಠಶಾಲೆಗಳಲ್ಲಿ ಯಂತ್ರಸಾಧನಗಳು: ನಾವು ಕಂಡುದೂ ನಮಗೆ ತೋರಿದುದೂ

ಪಾಠಶಾಲೆಗೆ ಹೊಸ ಸಾಧನವೊಂದು ಬಂದಿತೆಂದರೆ ಅದನ್ನು ನೋಡುವುದಕ್ಕೆ ಊರೇ ಬರುವುದು. ಅದರಿಂದ ಮಕ್ಕಳಿಗೆ ಆದ ಪ್ರಯೋಜನವೇನೆಂದು ಒಂದು ವರುಷದ ತರುವಾಯ ವಿಚಾರಿಸುವವರು ವಿರಳ. ನಮ್ಮ ಹಳೆವಿದ್ಯಾರ್ಥಿನಿಯರು ಈ ಸಾರಿ ಶಾಲೆಗೆ ಒಂದು ದೊಡ್ಡ ಸ್ಮಾರ್ಟ್ ಬೋರ್ಡನ್ನು ಕೊಡುವೆವೆಂದು ಪ್ರೀತಿಯಿಂದ ಮುಂದೆ ಬಂದಿದ್ದಾರೆ. ಅದನ್ನು ಕೈನೀಡಿ ಪಡೆಯುವುದಕ್ಕೆ ಮುಂಚೆ, ಅಂಥ ಸಾಧನಗಳು ನೆರೆಯ ಶಾಲೆಗಳಲ್ಲಿ ಹೇಗೆ ಉಪಯೋಗವಾಗುತ್ತಿವೆಯೆಂದು ಕಣ್ಣಾರೆ ಕಾಣುವುದು ಯೋಗ್ಯವೆಂದು ನಮಗೆ ತೋರಿತು. ಆದಕಾರಣ ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಕೆಲವು ಶಾಲೆಗಳಿಗೆ ನಾವು ಹೋಗಿಬಂದೆವು. ನಮ್ಮನ್ನು ಆದರದಿಂದ ಬರಮಾಡಿಕೊಂಡ ಉಪಾಧ್ಯಾಯರಿಗೂ ಉಪಾಧ್ಯಾಯಿನಿಯರಿಗೂ ನಾವು ಕೃತಜ್ಞರು. ಒಬ್ಬರ ಗುಣದೋಷಗಳನ್ನು ಎಣಿಸುವುದು ನಮ್ಮ ಉದ್ದೇಶವಲ್ಲವಾದುದರಿಂದ ಶಾಲೆಗಳ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ.

ಯಂತ್ರವು ನಮ್ಮ ಕರಾವಳಿಯ ವಿದ್ಯಾಭ್ಯಾಸಕ್ಕೆ ಹೊಸತೇನೂ ಅಲ್ಲ. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ 1841ರಲ್ಲಿ ಕಲ್ಲಚ್ಚಿನ ಯಂತ್ರವನ್ನು ಇಟ್ಟರು. 1843ರಲ್ಲಿ ಅದರಿಂದಲೇ ‘ಮಂಗಳೂರ ಸಮಾಚಾರ’ವು ಹೊರಟಿತು. ಆ ಯಂತ್ರವು ಜನರಿಗೆ ಉಪಕಾರವಾದುದು ಅದು ಮಂಗಳೂರಿನಲ್ಲಿ ನಿಂತಿದ್ದುದರಿಂದಲ್ಲ, ಅದರಿಂದ ಹೊರಟ ಹಾಳೆಯು ಓದುವವರ ಕೈಗೆ ಸೇರಿದುದರಿಂದ. ಕೋಟದ ಶಿವರಾಮ ಕಾರಂತರು ‘ಬಾಲಪ್ರಪಂಚ’ವೆಂಬ ಸಚಿತ್ರ ಜ್ಞಾನಕೋಶವನ್ನು ರಚಿಸಿದಾಗಲೂ ಅದರ ಪುಟವನ್ನು ತಿರುವುವ ಕೈ ಮಗುವಿನದೇ ಆಗಿತ್ತು. ಸಾಧನವು ಮಗುವಿನ ಕೈಗೆ ಬಂದಿತೋ, ಇಲ್ಲವೆ ಕಣ್ಣಿನ ಮುಂದೆ ಮಾತ್ರ ನಿಂತಿತೋ ಎಂಬುದೇ ನಮ್ಮ ಮುಖ್ಯ ಪ್ರಶ್ನೆಯು.

ಬ್ರಹ್ಮಾವರದ ಕಡೆಯ ಒಂದು ಶಾಲೆಯಲ್ಲಿ ಗೋಡೆಯಷ್ಟು ಅಗಲವಾದ ಬೋರ್ಡಿನ ಮೇಲೆ ಗ್ರಹಣದ ಪಾಠವು ನಡೆಯುತ್ತಿತ್ತು. ಸೂರ್ಯ, ಚಂದ್ರ, ಭೂಮಿಗಳು ಬಣ್ಣಬಣ್ಣವಾಗಿ ತಿರುಗಿದವು, ಧ್ವನಿಯು ಇಂಪಾಗಿತ್ತು, ಮಕ್ಕಳು ಮೌನವಾಗಿ ನೋಡಿದರು. ಪಾಠವು ಮುಗಿಯಿತು, ಗಂಟೆಯೂ ಹೊಡೆಯಿತು. ಆ ನಲವತ್ತು ನಿಮಿಷಗಳಲ್ಲಿ ಒಂದು ಮಗುವಾದರೂ ಪ್ರಶ್ನೆ ಕೇಳಲಿಲ್ಲ, ಕೇಳುವುದಕ್ಕೆ ಎಡೆಯೂ ಇರಲಿಲ್ಲ.

ಬೈಂದೂರಿನ ಕಡಲತಡಿಯ ಒಂದು ಚಿಕ್ಕ ಶಾಲೆಯಲ್ಲಿ ಇದ್ದುದು ಹಳೆಯ ಪ್ರೊಜೆಕ್ಟರ್ ಒಂದು, ಸುಣ್ಣ ಬಳಿದ ಗೋಡೆಯೊಂದು. ಅಲ್ಲಿಯ ಉಪಾಧ್ಯಾಯಿನಿಯು ಭರತ ಇಳಿತಗಳ ಚಿತ್ರವನ್ನು ತೋರಿಸಿ, ನಡುವೆ ನಿಲ್ಲಿಸಿ, “ನಿನ್ನೆ ಭರತವು ಎಷ್ಟು ಗಂಟೆಗೆ ಬಂತು?” ಎಂದು ಕೇಳಿದಳು. ಮೀನುಗಾರರ ಮನೆಯ ಹುಡುಗಿಯೊಬ್ಬಳು ಎದ್ದು, “ದಿನ ದಿನಕ್ಕೆ ತಡವಾಗುತ್ತದೆ ಟೀಚರ್, ನಮ್ಮ ಅಪ್ಪಯ್ಯ ಹಾಗೆ ಲೆಕ್ಕ ಇಟ್ಟೇ ದೋಣಿ ಇಳಿಸುವುದು” ಎಂದಳು. ಎಷ್ಟು ತಡವೆಂದು ಒಂದು ವಾರ ನೋಡಿ ಬರೆದು ತರಬೇಕೆಂದು ತರಗತಿಗೆಲ್ಲ ಅಪ್ಪಣೆಯಾಯಿತು. ದಿನವೊಂದಕ್ಕೆ ಸುಮಾರು 50 ನಿಮಿಷಗಳ ಅಂತರವೆಂದೂ, ಅದು ಚಂದ್ರನ ಚಲನೆಯಿಂದಾಗುವುದೆಂದೂ ಆ ಮಕ್ಕಳು ತಮ್ಮ ಲೆಕ್ಕದಿಂದಲೇ ಅರಿತ ಮೇಲೆ ಚಿತ್ರದ ಉಳಿದ ಭಾಗವನ್ನು ತೋರಿಸುವುದೆಂದು ಆಕೆಯು ನಮಗೆ ಹೇಳಿದಳು. ಯಂತ್ರವು ಅಲ್ಪ, ಪಾಠವು ದೊಡ್ಡದು!

ಕುಂದಾಪುರದ ಕಡೆ ನಾವು ಕಂಡ ಕಂಪ್ಯೂಟರ್ ಕೋಣೆಯ ಸಂಗತಿ ಬೇರೆ. ಹತ್ತು ಯಂತ್ರಗಳಲ್ಲಿ ನಡೆಯುತ್ತಿದ್ದುವು ನಾಲ್ಕು. ಕಡಲಿನ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಗಾಲದ ತೇವ, ಗುಡುಗು ಸಿಡಿಲಿಗೆ ಏರಿಳಿಯುವ ವಿದ್ಯುತ್ತು ಇವೆಲ್ಲ ಯಂತ್ರಕ್ಕೆ ಶತ್ರುಗಳು. ಯಂತ್ರವನ್ನು ಕೊಡಲು ದಾನಿಗಳುಂಟು. ಕೆಲವು ವರುಷಗಳಲ್ಲಿ ಸಾಯುವ ಯು.ಪಿ.ಎಸ್. ಬ್ಯಾಟರಿಗೆ ದಾನಿಗಳಿಲ್ಲ. ಇದ್ದ ನಾಲ್ಕರ ಮುಂದೆ ಮೂವರು ಮೂವರಾಗಿ ಮಕ್ಕಳು ಕುಳಿತಿದ್ದರು. ಕೀಲಿಮಣೆಯು ಎಲ್ಲಾ ಕಡೆಯಲ್ಲಿಯೂ ಹುಡುಗನ ಕೈಯಲ್ಲಿತ್ತು. ಹುಡುಗಿಯು ಪಕ್ಕದಲ್ಲಿ ನೋಟ್ ಬರೆಯುತ್ತಿದ್ದಳು. ಇದನ್ನು ಯಾರೂ ಕಲಿಸಿರಲಿಲ್ಲ, ಯಾರೂ ತಡೆದಿರಲೂ ಇಲ್ಲ. ಇನ್ನೊಂದು ಶಾಲೆಯ ತರುಣ ಉಪಾಧ್ಯಾಯರು ಹತ್ತು ನಿಮಿಷಕ್ಕೊಮ್ಮೆ ಕೈಗಂಟೆ ಬಾರಿಸಿ ಸ್ಥಳ ಬದಲಿಸುವ ನಿಯಮವನ್ನು ಮಾಡಿದ್ದರು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಹುಡುಗಿಯರ ಈ ಹಿಂಬದಿಯ ಸ್ಥಾನವು ಶಾಲೆಯಲ್ಲಿ ಮಾತ್ರವಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಮೊಬೈಲಿನಲ್ಲಿಯೂ ಚಂದನ ವಾಹಿನಿಯಲ್ಲಿಯೂ ಪಾಠಗಳು ಬಂದುದನ್ನು ವಾಚಕರು ಬಲ್ಲರು. ಮನೆಗೊಂದೇ ಮೊಬೈಲು ಇದ್ದಲ್ಲಿ ಅದು ಮೊದಲು ಅಣ್ಣನಿಗೆ, ತರುವಾಯ ತಮ್ಮನಿಗೆ, ಅಡಿಗೆಯ ಕೆಲಸ ತೀರಿದ ಮೇಲೆ ತಂಗಿಗೆ. ಕೊಲ್ಲೂರು, ಸಿದ್ಧಾಪುರಗಳ ಕಡೆಯ ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಸಿಕ್ಕುವುದಕ್ಕೆ ಗುಡ್ಡ ಹತ್ತಬೇಕು; ಒಬ್ಬಳೇ ಹುಡುಗಿಯನ್ನು ಗುಡ್ಡಕ್ಕೆ ಕಳುಹಿಸುವ ತಾಯಿ ಯಾರು? ಪಠ್ಯಪುಸ್ತಕದಲ್ಲಿ ಈಗ ಅಚ್ಚಾಗುವ ಕ್ಯೂಆರ್ ಚೌಕಗಳಿಂದ, 2017ರಲ್ಲಿ ಆರಂಭವಾದ ‘ದೀಕ್ಷಾ’ದ ಪಾಠಗಳನ್ನು ತೆರೆಯಬಹುದು. ಘಟ್ಟದ ಬುಡದ ಒಬ್ಬ ಉಪಾಧ್ಯಾಯಿನಿಯು ಅವನ್ನು ಪೇಟೆಯಲ್ಲಿ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಶಾಲೆಗೆ ತರುತ್ತಾಳೆ. ಅಲ್ಲಿಯ ತಂತ್ರಜ್ಞಾನವೆಂದರೆ ಆಕೆಯ ಶ್ರದ್ಧೆಯೇ ಸರಿ.

ದೂರದೇಶದ ಅನುಭವವೂ ಇದನ್ನೇ ಹೇಳುವುದು. ಪೆರು ದೇಶದಲ್ಲಿ ಮಕ್ಕಳಿಗೆ ಒಂದೊಂದು ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಳ್ಳಿಯ ಮಕ್ಕಳ ಗಣಿತದಲ್ಲಿಯೂ ಭಾಷೆಯಲ್ಲಿಯೂ ಅದರಿಂದ ವೃದ್ಧಿಯು ಕಾಣಲಿಲ್ಲವೆಂದು ತಿಳಿಯಿತು. ಪಾಠಕ್ರಮವೂ ಉಪಾಧ್ಯಾಯರ ಶಿಕ್ಷಣವೂ ಮೊದಲಿನಂತೆಯೇ ಉಳಿದರೆ ಯಂತ್ರವೊಂದೇ ಏನು ಮಾಡೀತು?

“ಸ್ಮಾರ್ಟ್ ಬೋರ್ಡ್ ಇಲ್ಲದ ಶಾಲೆಗೆ ಈಗಿನ ತಂದೆತಾಯಿಗಳು ಮಕ್ಕಳನ್ನು ಕಳುಹಿಸುವರೇ?” ಎಂದು ಹಿತೈಷಿಗಳು ಕೇಳುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಲಾಗದು. ಮಕ್ಕಳು ಕಡಮೆಯಾಗಿ ಕನ್ನಡ ಶಾಲೆಗಳ ಬಾಗಿಲು ಮುಚ್ಚುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಆದರೆ ಗೋಡೆಯ ಅಲಂಕಾರವನ್ನು ನೋಡಿ ಬಂದವರು ನೆರೆಯ ಶಾಲೆಯ ಗೋಡೆಯು ಇನ್ನೂ ದೊಡ್ಡದಾದರೆ ಅಲ್ಲಿಗೆ ಹೋಗುವರು. ಮಗಳು ಮನೆಗೆ ಬಂದು, ತಾನೇ ಮಾಡಿದ ಲೆಕ್ಕವನ್ನು ತಂದೆಗೆ ತೋರಿಸಿದರೆ ಆ ತಂದೆಯು ಮುಂದಿನ ವರುಷ ತಂಗಿಯನ್ನೂ ಕರೆತರುವನು.

ಆದುದರಿಂದ ನಮ್ಮ ದಾನಿಗಳ ಮುಂದೆ ನಾವು ವಿನಯದಿಂದ ಇಡುವ ಸೂಚನೆಗಳು ಇವು. ಒಂದನೆಯದು: ದೊಡ್ಡ ಬೋರ್ಡಿಗೆ ಬದಲಾಗಿ ಸಾಧಾರಣವಾದ ಪ್ರೊಜೆಕ್ಟರ್ ಒಂದನ್ನು ಕೊಂಡು, ಉಳಿದ ಹಣದಲ್ಲಿ ಈಗಿರುವ ಕಂಪ್ಯೂಟರುಗಳನ್ನು ದುರಸ್ತು ಮಾಡಿಸುವುದು. ಎರಡನೆಯದು: ಬ್ಯಾಟರಿ ಮೊದಲಾದವುಗಳಿಗೆ ಒಂದು ಚಿಕ್ಕ ನಿಧಿಯನ್ನು ಪ್ರತ್ಯೇಕವಾಗಿ ಇಡುವುದು. ಮೂರನೆಯದು: ವಾರಕ್ಕೊಂದು ಪೀರಿಯಡನ್ನು, ಒಬ್ಬಳಿಗೆ ಒಂದು ಯಂತ್ರವೆಂಬ ಕ್ರಮದಲ್ಲಿ, ಸರದಿಯ ಮೇಲೆ ಪ್ರತಿಯೊಬ್ಬ ಹುಡುಗಿಗೂ ಕೊಡುವುದು, ಇದು ಶಾಲೆಯ ವೇಳೆಯಲ್ಲಿಯೇ ಆಗಬೇಕು, ಯಾಕಂದರೆ ಸಂಜೆಯ ಬಸ್ಸು ತಪ್ಪಿದರೆ ಹೆಚ್ಚಿನವರಿಗೆ ಮನೆ ಸೇರುವ ದಾರಿಯಿಲ್ಲ. ನಾಲ್ಕನೆಯದು: ಉಪಾಧ್ಯಾಯಿನಿಯರಿಗೆ ಪಾಠವನ್ನು ಸಿದ್ಧಪಡಿಸುವುದಕ್ಕೆ ವಾರದಲ್ಲಿ ಒಂದು ಬಿಡುವಿನ ಪೀರಿಯಡು, ವರುಷದಲ್ಲಿ ಒಂದು ದಿನ ನೆರೆಯ ಶಾಲೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿಬರುವ ಅವಕಾಶ. ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ಯಂತ್ರದ ಧೂಳು ಒರೆಸಿಡುವರು. ನೆರೆಯ ಉಪಾಧ್ಯಾಯಿನಿಯ ಮುಂದೆ ನಿಜವಾದ ಕಷ್ಟಸುಖವನ್ನು ಹೇಳುವರು.

ಇಂಥ ದಾನಕ್ಕೆ ಗೋಡೆಯ ಮೇಲೆ ಹೆಸರು ಕೆತ್ತುವ ಹಲಗೆಯಿರದು; ಭಾವಚಿತ್ರ ತೆಗೆಯುವುದಕ್ಕೂ ಹೆಚ್ಚೇನಿಲ್ಲ. ಆದರೆ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಕಲಿತುಹೋದ ನಮ್ಮ ಸಹೋದರಿಯರು ಹುಡುಗಿಯ ಕೈಗೆ ಸಾಧನ ಸಿಕ್ಕುವುದರ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲರು. ಅವರು ಈ ಸೂಚನೆಗಳನ್ನು ಸಂಘದ ಮುಂದಿನ ಸಭೆಯಲ್ಲಿ ವಿಚಾರಿಸಿ, ತಮ್ಮ ಅಭಿಪ್ರಾಯವನ್ನು ನಮಗೆ ತಿಳಿಸುವರೆಂದು ನಂಬುತ್ತೇವೆ.