ಮೆಳ್ಳೆಗಣ್ಣಿನ ಕಾರು ಮತ್ತು ಅದರ ನಿಂದಕರು

ಮಾರ್ಗನ್ ಎಂಬ ಇಂಗ್ಲಿಷ್ ಕಾರಿನ ಅಭಿಮಾನಿಗಳಲ್ಲಿ ಹಲವರು ಇಪ್ಪತ್ತೈದು ವರ್ಷಗಳಿಂದ ಒಂದು ಮಾತನ್ನು ಮಂತ್ರದಂತೆ ಜಪಿಸುತ್ತ ಬಂದಿದ್ದಾರೆ: 2000ನೇ ಇಸವಿಯಲ್ಲಿ ಬಂದ ಏರೋ 8 ನಿಜವಾದ ಮಾರ್ಗನ್ ಅಲ್ಲ. ಈ ಮಾತು ತಪ್ಪು ಎಂಬುದು ನನ್ನ ವಾದ. ತಪ್ಪು ಮಾತ್ರವಲ್ಲ, ಯಾವುದನ್ನು ಉಳಿಸಬೇಕೆಂದು ಇವರು ಹೇಳುತ್ತಾರೋ ಅದನ್ನೇ ಕೊಲ್ಲುವಂಥ ಮಾತು. ನಿವೃತ್ತ ಮೇಷ್ಟ್ರಿಗೆ ಸಿರಿವಂತರ ಕಾರಿನ ಉಸಾಬರಿ ಏಕೆಂದು ನೀವು ನಗಬಹುದು. ಕೊಳ್ಳುವ ಯೋಗ್ಯತೆ ಇಲ್ಲದವನಿಗೂ ವಾದಿಸುವ ಹಕ್ಕು ಇದೆಯೆಂದು ತರಗತಿಯಲ್ಲಿ ನಾನೇ ನಿಮಗೆ ಹೇಳುತ್ತಿದ್ದುದನ್ನು ಮರೆತಿರಲಾರಿರಿ.

ತಿಳಿಯದವರಿಗಾಗಿ ನಾಲ್ಕು ಮಾತು. ವೂಸ್ಟರ್‌ಷೈರ್ ಪ್ರಾಂತ್ಯದ ಮಾಲ್ವರ್ನ್ ಎಂಬ ಊರಿನಲ್ಲಿ ಎಚ್.ಎಫ್.ಎಸ್. ಮಾರ್ಗನ್ ಎಂಬುವರು 1909-10ರ ಸುಮಾರಿಗೆ ಮೂರು ಚಕ್ರದ ಪುಟ್ಟ ವಾಹನವೊಂದನ್ನು ಕಟ್ಟಿದರು. 1936ರಲ್ಲಿ ನಾಲ್ಕು ಚಕ್ರದ 4/4, 1950ರಲ್ಲಿ ಪ್ಲಸ್ 4, 1968ರಲ್ಲಿ ರೋವರ್ ಕಂಪನಿಯ ಎಂಟು ಸಿಲಿಂಡರಿನ ಎಂಜಿನ್ ಹೊತ್ತ ಪ್ಲಸ್ 8 ಬಂದವು. ಉದ್ದನೆಯ ಮೂತಿ, ಅಲೆಯಂತೆ ಇಳಿಯುವ ಮಡ್‌ಗಾರ್ಡು, ಬಾನೆಟ್ಟಿನ ಮೇಲೆ ಚರ್ಮದ ಬೆಲ್ಟು. ರೂಪ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಲೋಕವೆಲ್ಲ ಬದಲಾಗುತ್ತಿದ್ದಾಗ ಇವರು ನಿಂತಲ್ಲೇ ನಿಂತರು, ನಿಂತದ್ದೇ ಕೀರ್ತಿಯಾಯಿತು.

ಆಮೇಲೆ 2000ದ ಜಿನೀವಾ ಪ್ರದರ್ಶನದಲ್ಲಿ ಏರೋ 8 ಕಾಣಿಸಿಕೊಂಡಿತು. ಅಂಟಿನಿಂದಲೂ ರಿವೆಟ್ಟುಗಳಿಂದಲೂ ಜೋಡಿಸಿದ ಅಲ್ಯೂಮಿನಿಯಂ ಚಾಸಿ, ಬಿಎಂಡಬ್ಲ್ಯು ಕಂಪನಿಯ 4.4 ಲೀಟರಿನ ಎಂಜಿನ್, 286 ಅಶ್ವಶಕ್ತಿ. ಮೇಲಿನ ಮೈಗೆ ಮಾತ್ರ ಹಿಂದಿನಂತೆಯೇ ಆಶ್ ಮರದ ಚೌಕಟ್ಟು. ಇಷ್ಟೆಲ್ಲ ಇದ್ದರೂ ಜನರ ದೃಷ್ಟಿ ಬಿದ್ದದ್ದು ಅದರ ದೀಪಗಳ ಮೇಲೆ. ಫೋಕ್ಸ್‌ವ್ಯಾಗನ್‌ನ ನ್ಯೂ ಬೀಟಲ್ ಕಾರಿನಿಂದ ಎರವಲು ತಂದ ಆ ದೀಪಗಳಿಂದಾಗಿ ಕಾರು ಮೆಳ್ಳೆಗಣ್ಣು ಬಿಡುತ್ತಿರುವಂತೆ ಕಾಣುತ್ತಿತ್ತು. ನಗೆಪಾಟಲಾಯಿತು. ಕೆಲವು ವರ್ಷಗಳ ನಂತರ ಮಿನಿ ಕಾರಿನ ದೀಪಗಳನ್ನು ಕೂರಿಸಿ ಕಂಪನಿಯವರು ಆ ದೃಷ್ಟಿದೋಷವನ್ನು ಸರಿಪಡಿಸಿದರು.

ಕಣ್ಣಿನ ವಿಷಯದಲ್ಲಿ ನನಗೆ ತಕರಾರಿಲ್ಲ. ಅದು ಚೆನ್ನಾಗಿರಲಿಲ್ಲ. ಒಂದು ವಿನೋದವನ್ನು ಮಾತ್ರ ಗಮನಿಸಿ. ನ್ಯೂ ಬೀಟಲ್ ಎಂಬುದು ಗತಕಾಲದ ಅನುಕರಣೆ. ಹಿಟ್ಲರನ ಕಾಲದಲ್ಲಿ ರೂಪುಗೊಂಡ ಬೀಟಲ್ ಕಾರಿನ ಮುಖವಾಡವನ್ನು ಹೊಸ ಕಾರಿಗೆ ತೊಡಿಸಿದ್ದು. ಮಾರ್ಗನ್ನಾದರೋ ಅನುಕರಣೆಯಲ್ಲ, ಸಾಕ್ಷಾತ್ ಹಳೆಯದೇ. ಅಸಲಿಯು ನಕಲಿಯ ಕಣ್ಣನ್ನು ಕಡ ತಂದುಕೊಂಡಿತು! ಇದನ್ನು ಟೀಕಿಸಿದ್ದರೆ ನಾನೂ ದನಿಗೂಡಿಸುತ್ತಿದ್ದೆ. ಅಭಿಮಾನಿಗಳ ಆಕ್ಷೇಪ ಅಲ್ಲಿಗೆ ನಿಲ್ಲಲಿಲ್ಲ. ಲೋಹದ ಹೊಸ ಚಾಸಿ ದ್ರೋಹ, ಜರ್ಮನ್ ಎಂಜಿನ್ ದ್ರೋಹ, ಎಲ್ಲಕ್ಕೂ ಮಿಗಿಲಾಗಿ ಮುಂಚಕ್ರಗಳ 'ಸ್ಲೈಡಿಂಗ್ ಪಿಲ್ಲರ್' ವ್ಯವಸ್ಥೆಯನ್ನು ಕೈಬಿಟ್ಟದ್ದು ಮಹಾದ್ರೋಹ ಎಂದರು.

ಈ ಸ್ಲೈಡಿಂಗ್ ಪಿಲ್ಲರ್ ಎಂದರೇನು? ಒಂದು ನೆಟ್ಟನೆಯ ಕಂಬ. ಚಕ್ರವನ್ನು ಹೊತ್ತ ಭಾಗವು ಸುರುಳಿ ಸ್ಪ್ರಿಂಗಿನ ಆಸರೆಯಲ್ಲಿ ಆ ಕಂಬದ ಮೇಲೆ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಎರಡು ಮುಂಚಕ್ರಗಳೂ ಸ್ವತಂತ್ರ. ಒಂದು ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಬಾಧೆಯಿಲ್ಲ. 1910ರಲ್ಲಿ ಹೆಚ್ಚಿನ ಕಾರುಗಳು ಎತ್ತಿನ ಗಾಡಿಯಂತೆ ಒಂದೇ ಅಚ್ಚಿನ ಮೇಲೆ ಕುಲುಕಾಡುತ್ತಿದ್ದ ಕಾಲದಲ್ಲಿ ಇದು ಎಂಥ ನವೀನ ಕಲ್ಪನೆ! ಅಂದರೆ, ಇಂದು ಪರಂಪರೆಯ ಹೆಸರಿನಲ್ಲಿ ಪೂಜೆಗೊಳ್ಳುತ್ತಿರುವ ವಸ್ತು ಹುಟ್ಟುವಾಗ ಪರಂಪರೆಯನ್ನು ಮುರಿದೇ ಹುಟ್ಟಿತು. ಮಾರ್ಗನ್ ಮಹಾಶಯರು ಇಂದಿನ ಅಭಿಮಾನಿಗಳ ಮಾತು ಕೇಳಿದ್ದರೆ ಕುದುರೆ ಸಾರೋಟನ್ನೇ ಮಾಡಿಕೊಂಡಿರಬೇಕಿತ್ತು.

ಇನ್ನೊಂದು ಸಂಗತಿಯನ್ನು ಇವರು ಬೇಕೆಂದೇ ಮರೆಯುತ್ತಾರೆ. ಮಾರ್ಗನ್ ಚರಿತ್ರೆಯಲ್ಲಿ ಎಲ್ಲರೂ ಎದೆಯುಬ್ಬಿಸಿ ಹೇಳುವ ಘಟನೆ 1962ರದು. ಫ್ರಾನ್ಸಿನ ಲೆ ಮಾನ್ಸ್ ಪಟ್ಟಣದ 24 ಗಂಟೆಗಳ ಪಂದ್ಯದಲ್ಲಿ ಕ್ರಿಸ್ ಲಾರೆನ್ಸ್ ಮತ್ತು ರಿಚರ್ಡ್ ಶೆಪರ್ಡ್-ಬ್ಯಾರನ್ ಓಡಿಸಿದ ಪ್ಲಸ್ 4 ತನ್ನ ವರ್ಗದಲ್ಲಿ ಗೆದ್ದಿತು. ಅದರ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡವರೇ ಏರೋ 8ನ್ನು ಹಳಿಯುತ್ತಾರೆ. ಏರೋ 8ರ ಚಾಸಿಯನ್ನು ರೂಪಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದವರು ಯಾರು? ಅದೇ ಕ್ರಿಸ್ ಲಾರೆನ್ಸ್. ಹಳೆಯ ಕಾರಿನ ಶಕ್ತಿಯನ್ನೂ ಅದರ ಮಿತಿಯನ್ನೂ ಸ್ಟಿಯರಿಂಗ್ ಹಿಡಿದು ತಿಳಿದಿದ್ದ ಮನುಷ್ಯ. ಅವರಿಗೆ ಕಾಣದಿದ್ದ ದ್ರೋಹ ಸೋಫಾದ ಮೇಲೆ ಕುಳಿತವರಿಗೆ ಕಂಡಿತು.

ಬರ್ಮಿಂಗ್‌ಹ್ಯಾಮಿನಲ್ಲಿರುವ ನನ್ನ ಸೋದರಳಿಯನೂ ಈ ಪಂಗಡದವನೇ. 2019ರ ಬೇಸಗೆಯಲ್ಲಿ ನಾವಿಬ್ಬರೂ ಅವನಲ್ಲಿಗೆ ಹೋಗಿದ್ದಾಗ ಮಾಲ್ವರ್ನ್ ಕಾರ್ಖಾನೆಯನ್ನು ತೋರಿಸಲು ಕರೆದುಕೊಂಡು ಹೋದ. ಇಳಿಜಾರಿನಲ್ಲಿ ಸಾಲಾಗಿ ನಿಂತ ಕೆಂಪು ಇಟ್ಟಿಗೆಯ ಶೆಡ್ಡುಗಳು. ಮರಗೆಲಸದ ಶೆಡ್ಡಿನ ಬಾಗಿಲಲ್ಲಿ ನನ್ನ ಮನೆಯವರು ಥಟ್ಟನೆ ನಿಂತು, "ನಮ್ಮ ಆಚಾರ್ರ ಸಾಲೆಯ ವಾಸನೆ!" ಎಂದರು. ಆಶ್ ಎಂದರೆ ಕ್ರಿಕೆಟ್ ಸ್ಟಂಪುಗಳನ್ನು ಮಾಡುವ ಮರ. ಅದರ ತೆಳುಪಟ್ಟಿಗಳಿಗೆ ಅಂಟು ಬಳಿದು, ಒಂದರ ಮೇಲೊಂದಿಟ್ಟು, ಬಾಗಿದ ಅಚ್ಚಿನಲ್ಲಿ ಬಿಗಿದು ಹಿಂಚಕ್ರದ ಮೇಲಿನ ಕಮಾನನ್ನು ಮಾಡುತ್ತಾರೆ. ಅಂದಹಾಗೆ, ಮಾರ್ಗನ್‌ಗೆ ಮರದ ಚಾಸಿ ಎಂದು ನಮ್ಮಲ್ಲೂ ಕೆಲವರು ಹೇಳುತ್ತಾರೆ. ಅದು ಶುದ್ಧ ಕಟ್ಟುಕಥೆ. ಚಾಸಿ ಲೋಹದ್ದು, ಮೈಯ ಚೌಕಟ್ಟು ಮಾತ್ರ ಮರದ್ದು.

ಹಿಂದಿರುಗುವಾಗ ಅಳಿಯ ಹೇಳಿದ: "ಮಾವ, ಏರೋ ಬಿಟ್ಟುಬಿಡಿ. 2012ರ ಪ್ಲಸ್ 8 ಇದೆಯಲ್ಲ, ಅದು ಅಪ್ಪಟ ಮಾರ್ಗನ್." ನಾನು ನಗದೆ ಇರಲಾರದಾದೆ. 2004ರಲ್ಲಿ ನಿಂತುಹೋಗಿದ್ದ ಪ್ಲಸ್ 8ರ ಹೆಸರನ್ನು 2012ರಲ್ಲಿ ಮತ್ತೆ ತಂದಾಗ ಕಂಪನಿಯವರು ಬಳಸಿದ್ದು ಏರೋದ ಅಲ್ಯೂಮಿನಿಯಂ ಚಾಸಿಯನ್ನೇ, ಬಿಎಂಡಬ್ಲ್ಯು ಎಂಜಿನ್ನನ್ನೇ. ಸ್ಲೈಡಿಂಗ್ ಪಿಲ್ಲರ್ ಅದರಲ್ಲೂ ಇರಲಿಲ್ಲ. ಮುಖವೊಂದು ಹಳೆಯದಾಗಿತ್ತು, ಅಷ್ಟೆ. ಏರೋದಲ್ಲಿ ದ್ರೋಹವೆನಿಸಿದ ಅದೇ ಎಲುಬು, ಅದೇ ಗುಂಡಿಗೆ, ಹಳೆಯ ಅಂಗಿ ತೊಟ್ಟೊಡನೆ ಪರಂಪರೆಯಾಯಿತು! ಹಾಗಿದ್ದರೆ ಇವರ ಜಗಳ ಯಂತ್ರದೊಂದಿಗೆ ಎಂದೂ ಇರಲಿಲ್ಲ, ಕನ್ನಡಿಯೊಂದಿಗೆ ಇತ್ತು. ಅಳಿಯನಿಗೆ ಇದನ್ನು ವಿವರಿಸಿದೆ. ಅವನು ರೇಡಿಯೋ ಹಾಕಿದ.

ಅಭಿಮಾನಿಗಳ ಪರವಾಗಿ ಹೇಳಬಹುದಾದ ಬಲವಾದ ವಾದ ಒಂದಿದೆ. 1990ರಲ್ಲಿ ಸರ್ ಜಾನ್ ಹಾರ್ವೆ-ಜೋನ್ಸ್ ಎಂಬ ಉದ್ಯಮ ತಜ್ಞರು ಬಿಬಿಸಿ ದೂರದರ್ಶನದ ಕಾರ್ಯಕ್ರಮಕ್ಕಾಗಿ ಈ ಕಾರ್ಖಾನೆಗೆ ಬಂದು, ವಿಧಾನಗಳನ್ನು ಆಧುನಿಕಗೊಳಿಸಿ, ಉತ್ಪಾದನೆ ಹೆಚ್ಚಿಸಿ ಎಂದು ಉಪದೇಶಿಸಿದರು. ಪೀಟರ್ ಮಾರ್ಗನ್ ಮತ್ತು ಅವರ ಮಗ ಚಾರ್ಲ್ಸ್ ಆ ಉಪದೇಶವನ್ನು ತಿರಸ್ಕರಿಸಿದರು. ಕಾರ್ಯಕ್ರಮ ನೋಡಿದ ಜನ ತಜ್ಞರನ್ನು ಬಿಟ್ಟು ಮಾರ್ಗನ್‌ರ ಕಡೆ ನಿಂತರು, ಬೇಡಿಕೆ ಏರಿತು. "ನೋಡಿ, ಬದಲಾಗದಿದ್ದುದೇ ಗೆದ್ದಿತು" ಎನ್ನುತ್ತಾರೆ ಇವರು. ಒಪ್ಪಿದೆ, ಆದರೆ ಅಂದು ಉಪದೇಶವನ್ನು ತಿರಸ್ಕರಿಸಿದ ಅದೇ ಚಾರ್ಲ್ಸ್ ಹತ್ತು ವರ್ಷಗಳ ಬಳಿಕ ಏರೋ 8ನ್ನು ಹೊರತಂದರು. ಹೊರಗಿನವರ ಅವಸರಕ್ಕೆ ಮಣಿಯದಿರುವುದು ಬೇರೆ, ತಾನಾಗಿ ಯೋಚಿಸಿ ಹೆಜ್ಜೆಯಿಡುವುದು ಬೇರೆ. ಹೊಗೆಯ ನಿಯಮಗಳೂ ಅಪಘಾತ ಪರೀಕ್ಷೆಯ ನಿಯಮಗಳೂ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದ್ದವು. ರೋವರ್ ಎಂಜಿನ್ ಮುದಿಯಾಗಿತ್ತು. ಅಂಥ ಹೊತ್ತಿನಲ್ಲಿ ನಿಂತಲ್ಲೇ ನಿಂತಿದ್ದರೆ ಕಾರ್ಖಾನೆ ವಸ್ತುಸಂಗ್ರಹಾಲಯವಾಗುತ್ತಿತ್ತು. ಮರಗೆಲಸದವರು ಮನೆಗೆ ಹೋಗುತ್ತಿದ್ದರು.

ಅಭಿಮಾನಿಗಳ ತೀರ್ಪಿಗೆ ಎಂಥ ಶಕ್ತಿಯಿದೆಯೆಂಬುದಕ್ಕೆ ಹಿಂದಿನದೊಂದು ನಿದರ್ಶನವೂ ಇದೆ. 1963ರಲ್ಲಿ ಫೈಬರ್‌ಗ್ಲಾಸ್ ಮೈಯ, ಮೇಲ್ಛಾವಣಿಯಿದ್ದ ಪ್ಲಸ್ 4 ಪ್ಲಸ್ ಎಂಬ ಕಾರನ್ನು ಮಾರ್ಗನ್‌ನವರು ತಂದರು. ಭಕ್ತರು ಮೂಗು ಮುರಿದರು. ತಯಾರಾದದ್ದು ಒಟ್ಟು 26. ಆ ಪೆಟ್ಟಿನ ನಂತರ ಹೊಸ ರೂಪಕ್ಕೆ ಕೈಹಾಕಲು ಅವರಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಬದಲಾಗದಿರುವುದೇ ಗುಣ ಎನ್ನುವವರನ್ನು ನಮ್ಮ ದೇಶಕ್ಕೆ ಕಳಿಸಬೇಕು. ಇಂಗ್ಲೆಂಡಿನದೇ ಮಾರಿಸ್ ಆಕ್ಸ್‌ಫರ್ಡ್ ಕಾರು ಇಲ್ಲಿ ಅಂಬಾಸಡರ್ ಆಗಿ 1950ರ ದಶಕದ ಕೊನೆಯಿಂದ 2014ರವರೆಗೆ ಹೆಚ್ಚುಕಡಿಮೆ ಅದೇ ಮೈಯಲ್ಲಿ ಬಾಳಿತು. ಅದು ಪರಂಪರೆಯ ಪ್ರೀತಿಯಿಂದಲ್ಲ. ಲೈಸೆನ್ಸ್ ರಾಜ್ಯದಲ್ಲಿ ಕೊಳ್ಳುವವನಿಗೆ ಬೇರೆ ಗತಿಯಿರಲಿಲ್ಲ, ಮಾಡುವವನಿಗೆ ಬದಲಾಯಿಸುವ ಅಗತ್ಯವಿರಲಿಲ್ಲ. ಈಗ ಅದನ್ನು ನೆನೆದು ಕಣ್ಣೀರಿಡುವವರು, ಮಳೆಯಲ್ಲಿ ಇಳಿದು ಅದನ್ನು ತಳ್ಳಿದವರಲ್ಲವೆಂದು ನನ್ನ ಅನುಮಾನ. ನಾನು ತಳ್ಳಿದ್ದೇನೆ, ಶಿರಾಡಿ ಘಾಟಿಯಲ್ಲಿ.

ಏರೋ 8 ತಯಾರಿಕೆ 2018ರಲ್ಲಿ ಕೊನೆಗೊಂಡಿತು. 2019ರಲ್ಲಿ ಇಟಲಿ ಮೂಲದ ಹೂಡಿಕೆದಾರರು ಕಂಪನಿಯ ಬಹುಪಾಲನ್ನು ಕೊಂಡರು. 2020ರಲ್ಲಿ ಉಕ್ಕಿನ ಹಳೆಯ ಚಾಸಿಯೂ, ಅದರೊಂದಿಗೆ ಸ್ಲೈಡಿಂಗ್ ಪಿಲ್ಲರ್ ಕೂಡ ಮುಗಿಯಿತು. ಈಗಿನ ಪ್ಲಸ್ ಫೋರ್ ಅಲ್ಯೂಮಿನಿಯಂ ಚಾಸಿಯದು. ಏರೋ ಹಾಕಿಕೊಟ್ಟ ದಾರಿಯಲ್ಲೇ ಕಾರ್ಖಾನೆ ನಡೆಯುತ್ತಿದೆ, ಮೇಲ್ಮೈಯ ಒಳಗೆ ಆಶ್ ಮರವೂ ಇದೆ. ಅಳಿಯನ ಬಳಗದವರು ಮತ್ತೆ "ಇದು ಮಾರ್ಗನ್ ಅಲ್ಲ" ಎಂದು ಶುರುಮಾಡಿದ್ದಾರಂತೆ. ಅವರಿಗೆ ನನ್ನದೊಂದು ಸೂಚನೆ: ದೀಪದ ಆಕಾರಕ್ಕೂ ಎಂಜಿನ್ನಿನ ಜಾತಿಗೂ ಶಾಯಿ ಖರ್ಚು ಮಾಡಬೇಡಿ. ಆ ಶೆಡ್ಡಿನಲ್ಲಿ ಪಟ್ಟಿಗೆ ಅಂಟು ಬಳಿಯುವ ಕೈಗಳನ್ನು ಕೆಲಸದಿಂದ ಬಿಡಿಸುವ ದಿನವೇನಾದರೂ ಬಂದರೆ ಆಗ ಪ್ರತಿಭಟನೆಯ ಪತ್ರ ಬರೆಯಿರಿ. ಅಳಿಯನ ಕೈಯಲ್ಲಿ ನನಗೂ ಒಂದು ಪ್ರತಿ ಕಳಿಸಿ, ಸಹಿ ಹಾಕಿಕೊಡುತ್ತೇನೆ.